ಮರದ ಚೌಕಟ್ಟಿನ ಮನೆಗಳಲ್ಲಿ ವಿದ್ಯುತ್ ಜೋಡಣೆ: ಬೆಂಕಿ ಮತ್ತು ಸದ್ದಿನ ತಡೆ

ಸ್ಟಡ್ ಎಂಬ ತೆಳು ಮರದ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಎರಡೂ ಮಗ್ಗುಲಿಗೆ ಜಿಪ್ಸಂ ಬೋರ್ಡ್ ಹೊದಿಸಿದ ಗೋಡೆಯಲ್ಲಿ ಸ್ವಿಚ್ ಬಾಕ್ಸ್, ಪ್ಲಗ್ ಪಾಯಿಂಟ್, ಕೇಬಲ್‌ಗಳಿಗೆಂದು ತೂತು ಕೊರೆಯಲೇಬೇಕು. ಚಾವಣಿಯಲ್ಲಿ ದೀಪಗಳಿಗೆಂದು ಕೊರೆಯಬೇಕು. ಆ ತೂತುಗಳ ಮೂಲಕ ಬೆಂಕಿ, ಹೊಗೆ, ಸದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ, ಒಂದು ಮನೆಯಿಂದ ಪಕ್ಕದ ಮನೆಗೆ ದಾಟದಂತೆ ಮಾಡುವ ಕ್ರಮಗಳು ಈ ಲೇಖನದ ವಿಷಯ. ಅಮೆರಿಕದಲ್ಲಿ ಹೊಸದಾಗಿ ಏಳುವ ಬಿಡಿ ಮನೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮರದ ಚೌಕಟ್ಟಿನವು. ಕೆನಡಾ, ಸ್ಕಾಟ್ಲೆಂಡ್, ನಾರ್ವೆ, ಸ್ವೀಡನ್, ನ್ಯೂಜಿಲೆಂಡ್‌ಗಳಲ್ಲೂ ಇದೇ ವಾಡಿಕೆ. ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಹೊರಗೆ ಕಾಣುವುದು ಇಟ್ಟಿಗೆ, ಒಳಗೆ ಹೊರೆ ಹೊತ್ತಿರುವುದು ಮರ.

ಬೆಂಕಿ ತಡೆಯುವವರೂ ಸದ್ದು ತಡೆಯುವವರೂ ಕೇಳುವುದು ಒಂದನ್ನೇ: ಸಂದಿಲ್ಲದ, ತೂಕವಿರುವ, ಒಳಟೊಳ್ಳು ತುಂಬಿರುವ ಗೋಡೆ. ವಿದ್ಯುತ್ ಕೆಲಸದವರ ಅಗತ್ಯ ಬೇರೆ. ತಂತಿಗೂ ದೀಪಕ್ಕೂ ಬಿಸಿ ಕಳೆದುಕೊಳ್ಳಲು ಗಾಳಿ ಬೇಕು, ಮುಂದೆ ರಿಪೇರಿಗೆ ಕೈ ಹಾಕಲು ಜಾಗ ಬೇಕು. ಈ ಕ್ಷೇತ್ರದ ನಿಯಮಗಳೂ ಉಪಕರಣಗಳೂ ಈ ಎರಡು ಬೇಡಿಕೆಗಳ ನಡುವಿನ ಎಳೆದಾಟದಿಂದ ಹುಟ್ಟಿದವು. ಇಲ್ಲಿನ ತಪ್ಪುಗಳಲ್ಲಿ ಹೆಚ್ಚಿನವೂ ಒಂದನ್ನು ನೋಡುವಾಗ ಇನ್ನೊಂದನ್ನು ಮರೆತುದರ ಫಲ.

ಚೌಕಟ್ಟು ಮತ್ತು ಟೊಳ್ಳು

ಮಲೆನಾಡಿನ ತೊಟ್ಟಿಮನೆಯಲ್ಲೂ ಮರ ಹೇರಳ. ಆದರೆ ಅಲ್ಲಿನ ಕಂಬ, ತೊಲೆ, ಜಂತೆ, ಮುಚ್ಚಿಗೆಗಳು ದಪ್ಪ ಮರದವು, ಕಣ್ಣಿಗೆ ಕಾಣುವಂಥವು. ಗೋಡೆ ಮಣ್ಣಿನದೋ ಕಲ್ಲಿನದೋ. ಉತ್ತರ ಅಮೆರಿಕದ ಸ್ಟಡ್ ಗೋಡೆಯ ಸ್ವಭಾವವೇ ಬೇರೆ. ಅಲ್ಲಿ ಬಳಸುವ ಸ್ಟಡ್ ಕೇವಲ 38 ಮಿ.ಮೀ. ದಪ್ಪ, 89 ಮಿ.ಮೀ. ಅಗಲ. ಇಂಥವನ್ನು ಸುಮಾರು 400 ಮಿ.ಮೀ.ಗೊಂದರಂತೆ ನಿಲ್ಲಿಸಿ ಬೋರ್ಡ್ ಬಡಿದಾಗ ಎರಡು ಸ್ಟಡ್‌ಗಳ ನಡುವೆ ನೆಲದಿಂದ ಚಾವಣಿಯವರೆಗೆ ಒಂದು ಟೊಳ್ಳು ಉಳಿಯುತ್ತದೆ. ಮನೆಯ ವಿದ್ಯುತ್ತೆಲ್ಲ ಓಡಾಡುವುದು ಈ ಟೊಳ್ಳಿನಲ್ಲಿ.

1830ರ ದಶಕದಲ್ಲಿ ಶಿಕಾಗೋ ಸುತ್ತಮುತ್ತ ಹರಡಿದ ‘ಬಲೂನ್ ಫ್ರೇಮಿಂಗ್’ ಪದ್ಧತಿಯಲ್ಲಿ ಸ್ಟಡ್‌ಗಳು ತಳಪಾಯದಿಂದ ಸೂರಿನವರೆಗೆ ಒಂದೇ ಉದ್ದಕ್ಕೆ ನಿಲ್ಲುತ್ತಿದ್ದವು. ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿ ಗೋಡೆಯೊಳಗೇ ಏರಿ, ನಡುವಿನ ಮಹಡಿಯವರಿಗೆ ತಿಳಿಯುವ ಮೊದಲೇ ಅಟ್ಟ ಮುಟ್ಟುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ‘ಪ್ಲಾಟ್‌ಫಾರ್ಮ್ ಫ್ರೇಮಿಂಗ್’ ಅದರ ಜಾಗಕ್ಕೆ ಬಂತು. ಇದರಲ್ಲಿ ಪ್ರತಿ ಮಹಡಿಯ ಗೋಡೆಯೂ ತನ್ನ ಮೇಲಡ್ಡಪಟ್ಟಿಯಲ್ಲಿ ಮುಗಿಯುತ್ತದೆ, ಟೊಳ್ಳು ಅಲ್ಲಿಗೆ ಮುಚ್ಚುತ್ತದೆ. ಬೆಂಕಿಯನ್ನು ತಡೆದು ನಿಲ್ಲಿಸುವ ಆ ಮರದಪಟ್ಟಿಗೆ ಮೊದಲ ತೂತು ಕೊರೆಯುವವರು ಎಲೆಕ್ಟ್ರಿಷಿಯನ್ನರೇ. ಕೇಬಲ್ ಮೇಲಕ್ಕೆ ಹೋಗಲು ಬೇರೆ ದಾರಿಯಿಲ್ಲ. ಆದ್ದರಿಂದಲೇ ಅಮೆರಿಕದ ವಸತಿ ಕಟ್ಟಡ ಸಂಹಿತೆ ನೆಲ ಮತ್ತು ಚಾವಣಿಯ ಮಟ್ಟದಲ್ಲಿ ತಂತಿಯ ಸುತ್ತಲಿನ ಸಂದನ್ನೆಲ್ಲ ಜ್ವಾಲೆ ದಾಟದ ವಸ್ತುವಿನಿಂದ ತುಂಬಬೇಕೆನ್ನುತ್ತದೆ.

ಇಲ್ಲಿ ಎರಡು ಕೆಲಸಗಳನ್ನು ಬೇರೆಯಾಗಿ ನೋಡಬೇಕು. ಗೋಡೆಯೊಳಗಿನ ಟೊಳ್ಳನ್ನು ಅಲ್ಲಲ್ಲಿ ಕಟ್ಟಿ ಬೆಂಕಿಯ ಓಟವನ್ನು ನಿಧಾನಗೊಳಿಸುವುದು ಒಂದು. ಇದಕ್ಕೆ ಮರದ ತುಂಡು, ರಾಕ್‌ವೂಲ್, ಗುರುತಿಗಾಗಿ ಕಿತ್ತಳೆ ಬಣ್ಣ ಬೆರೆಸಿದ ಫೋಮ್ ಸಾಕಾಗುತ್ತವೆ. ಕುಲುಮೆಯಲ್ಲಿ ಇಂತಿಷ್ಟು ಹೊತ್ತು ನಿಂತದ್ದೆಂದು ಪರೀಕ್ಷೆಯಾದ ಗೋಡೆಗೆ ತೂತು ಕೊರೆದ ಮೇಲೆ ಅದೇ ಅವಧಿಯನ್ನು ಮರಳಿ ಕೊಡುವುದು ಇನ್ನೊಂದು. ಇದಕ್ಕೆ ಅದೇ ಬಗೆಯ ಗೋಡೆಯಲ್ಲಿ, ಅದೇ ಬಗೆಯ ಕೇಬಲ್‌ನೊಂದಿಗೆ ಪರೀಕ್ಷೆಯಾದ ಸೀಲೇ ಬೇಕು. ಡಬ್ಬಿಯ ಮೇಲೆ ಬೆಂಕಿಯ ಚಿತ್ರವಿದ್ದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕೆಲಸ ಮಾಡಲಾರದು. ಕಟ್ಟಡದ ಜಾಗಗಳಲ್ಲಿ ಇವೆರಡನ್ನೂ ಕಲಸಿಬಿಡುವ ರೂಢಿ ಬಲವಾಗಿದೆ. ಅದು ಬಿಡಲೇಬೇಕಾದ ರೂಢಿ.

ಜಿಪ್ಸಂ ಏಕೆ ನಿಲ್ಲುತ್ತದೆ

ಈ ಮನೆಗಳಲ್ಲಿ ಬೆಂಕಿಯಿಂದ ಮರವನ್ನು ಕಾಯುವುದು ಒಂದು ತೆಳು ಬೋರ್ಡ್. ಜಿಪ್ಸಂ ಎಂದರೆ ನೀರು ಬೆರೆತ ಕ್ಯಾಲ್ಸಿಯಂ ಸಲ್ಫೇಟ್. ತೂಕದ ಸುಮಾರು 21 ಪ್ರತಿಶತ ಹರಳಿನೊಳಗೆ ಬಂಧಿತವಾದ ನೀರು. ಅರ್ಧ ಇಂಚಿನಷ್ಟು ದಪ್ಪದ ಬೋರ್ಡಿನ ಒಂದು ಚದರ ಮೀಟರಿನಲ್ಲಿ ಒಂದೂವರೆಯಿಂದ ಎರಡು ಕಿಲೋ ನೀರು ಹೀಗೆ ಅಡಗಿರುತ್ತದೆ. ಬೆಂಕಿ ತಾಗಿದಾಗ ಈ ನೀರು ಆವಿಯಾಗಬೇಕು; ಅದಷ್ಟೂ ಆರುವವರೆಗೆ ಬೋರ್ಡಿನ ಹಿಂಬದಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಹೋದ ಮೇಲೆ ಉಳಿಯುವ ಪುಡಿ ಬಿರುಕುಬಿಟ್ಟು ಉದುರದಂತೆ ಅಗ್ನಿನಿರೋಧಕ ಬೋರ್ಡುಗಳಲ್ಲಿ ಗಾಜಿನ ಎಳೆ ಬೆರೆಸುತ್ತಾರೆ. ಅಮೆರಿಕದಲ್ಲಿ ‘ಟೈಪ್ ಎಕ್ಸ್’ ಎಂದು ಕರೆಯುವ 15.9 ಮಿ.ಮೀ. ಬೋರ್ಡನ್ನು ಸ್ಟಡ್‌ನ ಎರಡೂ ಮಗ್ಗುಲಿಗೆ ಒಂದೊಂದು ಪದರ ಹೊದಿಸಿದ ಗೋಡೆ ಒಂದು ಗಂಟೆ ನಿಲ್ಲುತ್ತದೆಂಬುದು ಪರೀಕ್ಷೆಯಲ್ಲಿ ಸಾಬೀತಾಗಿದೆ.

ಪರೀಕ್ಷೆ ಕಠಿಣವಾದದ್ದು. ಅಂತರರಾಷ್ಟ್ರೀಯ ಐಎಸ್‌ಒ 834 ಮಾನಕದ ಪ್ರಕಾರ ಕುಲುಮೆಯ ಬಿಸಿ 30 ನಿಮಿಷಕ್ಕೆ 842 ಡಿಗ್ರಿ, 60 ನಿಮಿಷಕ್ಕೆ 945 ಡಿಗ್ರಿ ಮುಟ್ಟಬೇಕು. ಅಲ್ಲಿಯವರೆಗೆ ಗೋಡೆ ಹೊರೆ ಹೊತ್ತಿರಬೇಕು, ಜ್ವಾಲೆ ತೂರಬಾರದು, ಆಚೆ ಮಗ್ಗುಲಿನ ಬಿಸಿ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಬಾರದು, ಯಾವ ಒಂದು ಜಾಗದಲ್ಲೂ 180 ಡಿಗ್ರಿ ಮೀರಿ ಏರಬಾರದು. ಬೋರ್ಡ್ ಸೋತ ಮೇಲೆ ಮರ ಉರಿಯತೊಡಗುತ್ತದೆ. ಪೈನ್, ಸ್ಪ್ರೂಸ್‌ಗಳಂಥ ಮೆದುಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ. ಆಳಕ್ಕೆ ಇದ್ದಿಲಾಗುತ್ತ ಹೋಗುತ್ತದೆಂದು ಯೂರೋಪಿನ ವಿನ್ಯಾಸ ಸಂಹಿತೆ ಲೆಕ್ಕ ಹಾಕುತ್ತದೆ. ಅಡಿಗಟ್ಟಲೆ ದಪ್ಪದ ತೊಲೆಗೆ ಇದು ದೊಡ್ಡ ಮಾತಲ್ಲ. 38 ಮಿ.ಮೀ. ದಪ್ಪದ ಸ್ಟಡ್ ಎರಡೂ ಬದಿಯಿಂದ ಹೀಗೆ ಕರಗಿದರೆ ಅರ್ಧ ಗಂಟೆಯಲ್ಲಿ ಅದರಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಬೋರ್ಡಿನಲ್ಲಿ ಕೊರೆದ ಪ್ರತಿಯೊಂದು ತೂತೂ ಮರದ ಆಯುಷ್ಯವನ್ನು ಮುಟ್ಟುತ್ತದೆ.

ತಂತಿ ಮರದೊಳಗೆ ಬಂದದ್ದು

1880ರ ದಶಕದಿಂದ 1930ರ ದಶಕದವರೆಗೆ ಅಮೆರಿಕದ ಮನೆಗಳಲ್ಲಿ ನಡೆದದ್ದು ‘ನಾಬ್ ಅಂಡ್ ಟ್ಯೂಬ್’ ವೈರಿಂಗ್. ಪಿಂಗಾಣಿ ಗುಬಟುಗಳ ಮೇಲೆ ತಂತಿಯನ್ನು ಮರದಿಂದ ದೂರ ಹಿಡಿದು, ಜಂತೆ ದಾಟುವಲ್ಲಿ ಪಿಂಗಾಣಿ ಕೊಳವೆಯೊಳಗೆ ಹಾಯಿಸುತ್ತಿದ್ದರು. ತಂತಿಯನ್ನು ತಣ್ಣಗಿಡುವ ಹೊಣೆ ಸುತ್ತಲಿನ ಬಯಲುಗಾಳಿಯದು. ದಶಕಗಳ ನಂತರ ಅದೇ ಟೊಳ್ಳುಗಳಿಗೆ ಚಳಿ ತಡೆಯಲು ರಾಕ್‌ವೂಲ್, ಗ್ಲಾಸ್‌ವೂಲ್‌ಗಳಂಥ ಉಣ್ಣೆ, ಕಾಗದದ ನಾರು ತುಂಬಿದಾಗ ಆ ಗಾಳಿಯೇ ಇಲ್ಲವಾಯಿತು. ಹಳೆಯ ಮನೆಗಳನ್ನು ಬೆಚ್ಚಗೆ ಮಾಡಹೊರಟವರು ಮೊದಲು ತಂತಿ ಬದಲಿಸಬೇಕಾಗುವುದು ಇದರಿಂದಲೇ.

1893ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ಕೊಲಂಬಿಯನ್ ವಸ್ತುಪ್ರದರ್ಶನದ ದೀಪಾಲಂಕಾರದ ಅಪಾಯಗಳನ್ನು ಪರಿಶೀಲಿಸಲು ಬಂದ ವಿಲಿಯಂ ಹೆನ್ರಿ ಮೆರಿಲ್ ಮರುವರ್ಷ ಸ್ಥಾಪಿಸಿದ ಪ್ರಯೋಗಶಾಲೆಯೇ ಇಂದಿನ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಮೊದಲ ಆವೃತ್ತಿ 1897ರದು. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ಆ ಕಾಲದ ಭಾರತೀಯ ವೈರಿಂಗ್‌ನಲ್ಲಿ ಕಟ್ಟಡ ಕಲ್ಲಿನದಾದರೂ ತಂತಿ ಮಾತ್ರ ಮರದ ಮೇಲೇ ಇತ್ತು: ಮೊದಲು ಮರದ ಕೇಸಿಂಗ್-ಕ್ಯಾಪಿಂಗ್, ಆಮೇಲೆ ತಗಡಿನ ಕ್ಲಿಪ್ಪು ಹೊಡೆದ ಬ್ಯಾಟನ್ ಪಟ್ಟಿ. ಹಳೆಯ ಮನೆಗಳ ಮುಚ್ಚಿಗೆಯ ಕೆಳಗೆ ಓಡುವ ಆ ಪಟ್ಟಿಗಳನ್ನು ಇವತ್ತಿಗೂ ಕಾಣಬಹುದು. ಅದರಲ್ಲಿ ಒಂದು ಗುಣವಿತ್ತು. ತಂತಿ ಎಲ್ಲಿ ಸುಟ್ಟರೂ ಕಣ್ಣಿಗೆ ಬೀಳುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು.

1960ರ ದಶಕದ ನಡುವಿನಿಂದ 1970ರ ದಶಕದ ಮೊದಲ ವರ್ಷಗಳವರೆಗೆ ತಾಮ್ರದ ಬೆಲೆ ಏರಿದ್ದರಿಂದ ಅಮೆರಿಕದ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಹೋಯಿತು. 1972ಕ್ಕೆ ಮೊದಲು ತಯಾರಾದ ಅಂಥ ತಂತಿಯಿರುವ ಮನೆಗಳಲ್ಲಿ ಪಾಯಿಂಟಿನ ಜೋಡಣೆ ಬೆಂಕಿಯ ಅಪಾಯದ ಸ್ಥಿತಿ ಮುಟ್ಟುವ ಸಂಭವ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚೆಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತ ಬಂದಿದೆ. ಅಪಾಯ ಹುಟ್ಟುವುದು ತಂತಿಯ ಉದ್ದಕ್ಕೂ ಅಲ್ಲ, ಸ್ಕ್ರೂ ಬಿಗಿದ ತುದಿಯಲ್ಲಿ ಎಂಬುದನ್ನು ಆ ಅನುಭವ ಗಟ್ಟಿಯಾಗಿ ಕಲಿಸಿತು. ಲೆಕ್ಕ ಸರಳ. ಸಡಿಲವಾದ ತುದಿಯಲ್ಲಿ ಒಂದು ಓಮ್ ರೋಧ ಹುಟ್ಟಿ, ಅದರ ಮೂಲಕ 10 ಆಂಪಿಯರ್ ಹರಿದರೆ ಬೆರಳ ತುದಿಯಷ್ಟು ಜಾಗದಲ್ಲಿ 100 ವ್ಯಾಟ್ ಬಿಸಿ ಏಳುತ್ತದೆ. ವಿದ್ಯುತ್ ಪ್ರವಾಹ ಮಿತಿ ಮೀರಿಲ್ಲವಾದ್ದರಿಂದ ಎಂಸಿಬಿ ಬೀಳುವುದಿಲ್ಲ. ಆ ತುದಿಗೂ ಮರಕ್ಕೂ ನಡುವೆ ಇರುವುದು ಗೋಡೆಯೊಳಗಿನ ಬಾಕ್ಸ್ ಒಂದೇ.

ಗೋಡೆಯ ಬಾಕ್ಸ್

ಬಾಕ್ಸ್ ಉಕ್ಕಿನದಾಗಿದ್ದರೆ ಕಿಡಿಯನ್ನು ತನ್ನೊಳಗೇ ಹಿಡಿದಿಡುತ್ತದೆ, ಹೊರಗಿನ ಬೆಂಕಿಗೂ ಬಹಳ ಹೊತ್ತು ಆಕಾರ ಬಿಡುವುದಿಲ್ಲ. ಪ್ಲಾಸ್ಟಿಕ್ ಬಾಕ್ಸ್ ಅಗ್ಗ, ಹಗುರ, ಶಾಕ್ ಹೊಡೆಯುವ ಭಯ ಕಡಿಮೆ. ಆದರೆ ಬೇಗ ಕರಗಿ ಬೋರ್ಡಿನಲ್ಲಿ ಬರಿಯ ಚೌಕದ ಬಾಯಿ ಬಿಟ್ಟುಹೋಗುತ್ತದೆ.

ಅಮೆರಿಕದ ಕಟ್ಟಡ ಸಂಹಿತೆ ಈ ವಿಷಯದಲ್ಲಿ ಬಹಳ ಖಚಿತವಾಗಿ ಮಾತಾಡುತ್ತದೆ. ಎರಡು ಗಂಟೆಯವರೆಗಿನ ಅಗ್ನಿನಿರೋಧಕ ಗೋಡೆಯಲ್ಲಿ ಉಕ್ಕಿನ ಬಾಕ್ಸನ್ನು ಬೇರೆ ರಕ್ಷಣೆಯಿಲ್ಲದೆ ಕೂರಿಸಬಹುದು. ಆದರೆ ಒಂದೊಂದರ ಬಾಯಿ 16 ಚದರ ಇಂಚು, ಅಂದರೆ ಸುಮಾರು 103 ಚದರ ಸೆಂ.ಮೀ. ಮೀರಬಾರದು. ಗೋಡೆಯ ಪ್ರತಿ 100 ಚದರ ಅಡಿಗೆ ಇಂಥ ಬಾಯಿಗಳೆಲ್ಲ ಸೇರಿ 100 ಚದರ ಇಂಚಿಗಿಂತ ಹೆಚ್ಚಾಗಬಾರದು. ಬಾಕ್ಸಿಗೂ ಬೋರ್ಡಿಗೂ ನಡುವಿನ ಸಂದು 3 ಮಿ.ಮೀ.ಗಿಂತ ಹೆಚ್ಚಿರಬಾರದು. ಗೋಡೆಯ ಆ ಮಗ್ಗುಲ ಬಾಕ್ಸೂ ಈ ಮಗ್ಗುಲ ಬಾಕ್ಸೂ ಅಡ್ಡಡ್ಡಲಾಗಿ ಕನಿಷ್ಠ 24 ಇಂಚು ದೂರವಿರಬೇಕು. ಅಷ್ಟು ದೂರ ಸಾಧ್ಯವಾಗದಿದ್ದರೆ ನಡುವೆ ಮರದ ತಡೆ ಕೊಡಬೇಕು, ಇಲ್ಲವೇ ಟೊಳ್ಳಿಗೆ ಸರಿಯಾದ ಉಣ್ಣೆ ತುಂಬಬೇಕು, ಇಲ್ಲವೇ ಪರೀಕ್ಷೆಯಾದ ಪುಟ್ಟಿ ಪ್ಯಾಡ್ ಅಂಟಿಸಬೇಕು. ಪ್ಲಾಸ್ಟಿಕ್ ಬಾಕ್ಸಾದರೆ ಇಂಥ ಗೋಡೆಗೆಂದೇ ಪರೀಕ್ಷೆಯಾದದ್ದೇ ಬೇಕು.

ಪುಟ್ಟಿ ಪ್ಯಾಡ್ ಎಂದರೆ ಬಣ್ಣದವರು ಗೋಡೆಗೆ ಬಳಿಯುವ ಪುಟ್ಟಿಯಲ್ಲ. ಒಣಗದ, ಮೇಣದಂತೆ ಮೆದುವಾದ, ತೂಕವಿರುವ ಹಾಳೆ ಅದು. ದಪ್ಪ ಮೂರರಿಂದ ಐದು ಮಿ.ಮೀ. ಬೋರ್ಡ್ ಹೊದಿಸುವ ಮೊದಲು ಬಾಕ್ಸಿನ ಬೆನ್ನಿಗೆ ಅದನ್ನು ಒತ್ತಿ, ನಾಲ್ಕು ಮಗ್ಗುಲಿಗೆ ಮಡಿಸಿ, ಮೂಲೆಗಳಲ್ಲಿ ಬೆರಳಿನಿಂದ ತೀಡಿ ಸಂದು ಮುಚ್ಚುತ್ತಾರೆ. ಕೇಬಲ್ ಒಳಬರುವ ಜಾಗದಲ್ಲಿ ಒಂದು ಚೂರು ಕಿತ್ತು ತಂತಿಯ ಸುತ್ತ ಹಿಸುಕುತ್ತಾರೆ. ಸ್ಟಡ್‌ಗೆ ತಾಗುವ ಮಗ್ಗುಲಲ್ಲಿ ಹಾಳೆಯ ಅಂಚನ್ನು ಮರದ ಮೇಲೆ ಸ್ವಲ್ಪ ಹಾಯಿಸಿ ಒತ್ತಬೇಕು. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಹಲವು ಪ್ಯಾಡುಗಳಲ್ಲಿ ಇಂಟ್ಯುಮೆಸೆಂಟ್ ವಸ್ತು, ಅಂದರೆ ಬಿಸಿಗೆ ಉಬ್ಬುವ ಗ್ರಾಫೈಟ್ ಅಥವಾ ಸಿಲಿಕೇಟ್ ಬೆರೆತಿರುತ್ತದೆ. ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಅದು ಹಲವು ಪಟ್ಟು ಹಿಗ್ಗಿ, ಕರಗಿಹೋದ ಪ್ಲಾಸ್ಟಿಕ್ಕಿನ ಜಾಗವನ್ನು ಗಟ್ಟಿ ಬುರುಗಿನಿಂದ ತುಂಬುತ್ತದೆ. ಈಗಾಗಲೇ ಬೋರ್ಡ್ ಹೊದಿಸಿದ ಗೋಡೆಗೆ ಬಾಕ್ಸಿನ ಒಳಗೆ ಇಡುವ ತೆಳು ಇಂಟ್ಯುಮೆಸೆಂಟ್ ಹಾಳೆಗಳೂ ಸಿಗುತ್ತವೆ. ಬ್ರಿಟನ್ನಿನಲ್ಲಿ ಇವುಗಳ ಬಳಕೆ ಹೆಚ್ಚು.

ಎಲ್ಲ ಗೋಡೆಗೂ ಇಷ್ಟೆಲ್ಲ ಬೇಕಿಲ್ಲ. ಬಿಡಿ ಮನೆಯೊಳಗಿನ ಕೋಣೆಗಳ ನಡುವಿನ ಗೋಡೆಗೆ ಅಮೆರಿಕದಲ್ಲಿ ಅಗ್ನಿನಿರೋಧದ ಅವಧಿಯೇ ಗೊತ್ತುಮಾಡಿಲ್ಲ. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆ, ಫ್ಲ್ಯಾಟುಗಳ ನಡುವಿನ ನೆಲ, ಕಾರಿನ ಗ್ಯಾರೇಜಿಗೂ ಮನೆಗೂ ನಡುವಿನ ಗೋಡೆ, ಇವು ಮುಖ್ಯ. ಸಂಹಿತೆಯಲ್ಲಿ ಒಂದು ವಿಚಿತ್ರ ಸಡಿಲಿಕೆಯೂ ಇದೆ. ತೆಳು ಮರಹಲಗೆಯ ‘ಐ-ಜಾಯ್ಸ್ಟ್’ಗಳಿಂದ ಕಟ್ಟಿದ ನೆಲದ ಕೆಳಬದಿಗೆ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಹೊದಿಸಬೇಕೆಂದು ವಸತಿ ಸಂಹಿತೆ ಹೇಳುತ್ತದೆ, ಅದೇ ವಿಧಿ ಆ ಬೋರ್ಡಿನಲ್ಲಿ ದೀಪ, ಪ್ಲಗ್, ಸ್ಪೀಕರ್‌ಗಳಿಗೆ ತೂತು ಕೊರೆಯಲು ಒಪ್ಪಿಗೆಯನ್ನೂ ಕೊಡುತ್ತದೆ. ಉದ್ದೇಶ ಅಗ್ನಿಶಾಮಕರ ಕಾಲ ಕೆಳಗಿನ ನೆಲ ಇನ್ನಷ್ಟು ನಿಮಿಷ ನಿಲ್ಲಲಿ ಎಂಬುದು. ಅಂಥ ನೆಲದ ಕೆಳಗೆ ದೀಪಗಳನ್ನು ಒತ್ತೊತ್ತಾಗಿ ಕೊರೆದರೆ ಆ ನಿಮಿಷಗಳು ಕೈಬಿಟ್ಟು ಹೋಗುತ್ತವೆ. ಕಾನೂನು ಒಪ್ಪಿದೆ ಎಂಬುದು ಇಲ್ಲಿ ಸಾಲದು.

ಸದ್ದಿನ ಲೆಕ್ಕ

ಬೆಂಕಿ ಎಂದೋ ಒಂದು ದಿನದ ಸಂಕಟ. ಪಕ್ಕದ ಮನೆಯ ಮಾತು ದಿನನಿತ್ಯದ್ದು. ಇಂಗ್ಲೆಂಡಿನ 2003ರ ನಿಯಮಗಳಂತೆ ಹೊಸದಾಗಿ ಕಟ್ಟಿದ ಎರಡು ಮನೆಗಳ ನಡುವಿನ ಗೋಡೆ ಗಾಳಿಯಲ್ಲಿ ಬರುವ ಸದ್ದನ್ನು ಕನಿಷ್ಠ 45 ಡೆಸಿಬೆಲ್ ತಗ್ಗಿಸಬೇಕು, ಮೇಲಿನ ಮನೆಯವರ ಹೆಜ್ಜೆಯ ಸದ್ದು ಕೆಳಗೆ 62 ಡೆಸಿಬೆಲ್ ಮೀರಬಾರದು. ಅಮೆರಿಕ ‘ಎಸ್‌ಟಿಸಿ’ ಎಂಬ ಬೇರೆ ಅಳತೆಯಲ್ಲಿ ಪ್ರಯೋಗಶಾಲೆಯ ಗೋಡೆಗೆ 50, ಕಟ್ಟಿದ ಮೇಲೆ ಅಳೆದರೆ 45 ಕೇಳುತ್ತದೆ. ಕೆನಡಾ 2015ರಿಂದ ಗೋಡೆಯ ಜೊತೆಗೆ ನೆಲ-ಚಾವಣಿಗಳ ಮೂಲಕ ಸುತ್ತಿ ಬರುವ ಸದ್ದನ್ನೂ ಸೇರಿಸಿ 47 ಎಂದು ಗೊತ್ತುಮಾಡಿದೆ. ಮೂರು ದೇಶಗಳ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ, ಅಳೆಯುವ ಬಗೆ ಬೇರೆ ಬೇರೆ.

ಡೆಸಿಬೆಲ್ ಲಾಗರಿದಮ್ಮಿನ ಅಳತೆಯಾದ್ದರಿಂದ ಸಣ್ಣ ತೂತಿನ ಹಾನಿ ಊಹೆಗೆ ಸಿಗದಷ್ಟು ದೊಡ್ಡದು. 10 ಚದರ ಮೀಟರ್ ಗೋಡೆ 50 ಡೆಸಿಬೆಲ್ ತಡೆಯುತ್ತದೆಂದರೆ ತಾಗಿದ ಸದ್ದಿನ ಶಕ್ತಿಯಲ್ಲಿ ಲಕ್ಷಕ್ಕೊಂದು ಪಾಲು ಮಾತ್ರ ದಾಟಿತು ಎಂದರ್ಥ. ಅದರಲ್ಲಿ 10 ಚದರ ಸೆಂ.ಮೀ.ಯ, ಒಂದು ಬೆಂಕಿಪೆಟ್ಟಿಗೆಯ ಅರ್ಧ ಮುಖದಷ್ಟು, ಆರಪಾರ ತೂತಿದೆ ಎನ್ನಿ. ಆ ತೂತಿನ ಪಾಲು ಗೋಡೆಯ ಹತ್ತು ಸಾವಿರದಲ್ಲೊಂದು ಭಾಗ, ಅದರ ಮೂಲಕ ಸದ್ದು ಪೂರ್ತಿ ದಾಟುತ್ತದೆ. ಗೋಡೆಯೆಲ್ಲ ಸೇರಿ ಬಿಟ್ಟುದಕ್ಕಿಂತ ಹತ್ತು ಪಟ್ಟು ಸದ್ದು ಆ ಒಂದು ತೂತಿನಿಂದ ಬಂದಂತಾಯಿತು; ಒಟ್ಟು ತಡೆ ಸುಮಾರು 40 ಡೆಸಿಬೆಲ್‌ಗೆ ಇಳಿಯಿತು. ಗೋಡೆ ಇನ್ನೂ ದಪ್ಪ ಮಾಡಿದರೂ, ಇನ್ನೊಂದು ಪದರ ಬೋರ್ಡ್ ಬಡಿದರೂ ಆ ತೂತಿರುವವರೆಗೆ 40ರ ಮೇಲೆ ಏರುವುದಿಲ್ಲ. ಮೊದಲು ಪಕ್ಕದ ಮನೆಯ ಜೋರುದನಿ ಕೇಳದಿದ್ದ ಕಡೆ ಈಗ ಅದು ಗುನುಗಾಗಿ ಕೇಳುತ್ತದೆ.

ನಿಜವಾದ ಬಾಕ್ಸು ಬರಿಯ ತೂತಲ್ಲ; ಅದಕ್ಕೆ ಬೆನ್ನಿದೆ, ಮುಂದೆ ಪ್ಲೇಟಿದೆ. ಒಟ್ಟಾವಾದಲ್ಲಿರುವ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿ 1990ರ ದಶಕದಲ್ಲಿ ಮರದ ಸ್ಟಡ್ ಗೋಡೆಗಳಲ್ಲಿ ಬಾಕ್ಸುಗಳ ಜಾಗ ಬದಲಿಸಿ ಸದ್ದನ್ನು ಅಳೆಯಿತು. ಬೆನ್ನಿಗೆ ಬೆನ್ನು ತಾಗುವಂತೆ ಎದುರುಬದುರು ಕೂರಿಸಿದವು ಹೆಚ್ಚು ಹಾನಿ ಮಾಡಿದವು. ಒಂದು ಸ್ಟಡ್ ಆಚೆಗೆ ಸರಿಸಿ, ಟೊಳ್ಳಿನಲ್ಲಿ ಗ್ಲಾಸ್‌ವೂಲ್ ಕದಲಿಸದೆ ಬಿಟ್ಟಲ್ಲಿ ಹಾನಿ ಬಹಳ ಕಡಿಮೆಯಾಯಿತು. ಬೆಂಕಿಗಾಗಿ ಹೇಳಿದ 24 ಇಂಚಿನ ಅಂತರವೂ ಸದ್ದಿಗಾಗಿ ಹೇಳಿದ ಅಂತರವೂ ಹೀಗೆ ಒಂದೇ ಕಡೆ ಬಂದು ನಿಲ್ಲುತ್ತವೆ. ಸದ್ದಿನ ತಡೆಗೆ ಇಂಗ್ಲೆಂಡ್ ಸರ್ಕಾರ ಕೊಡುವ ಮಾರ್ಗದರ್ಶಿಯೂ ಪಾಯಿಂಟುಗಳನ್ನು ಬೆನ್ನಿಗೆ ಬೆನ್ನಿಟ್ಟು ಕೂರಿಸಬೇಡಿ, ಬಾಕ್ಸಿನ ಹಿಂದೆ ಗೋಡೆಯಷ್ಟೇ ದಪ್ಪದ ಬೋರ್ಡ್ ಕೊಡಿ ಎನ್ನುತ್ತದೆ. ಈ ಬೋರ್ಡಿನ ಗೂಡು ಪ್ಯಾಡಿಗಿಂತ ಹಳೆಯ ಉಪಾಯ, ಬೆಂಕಿಗೂ ಆಗುತ್ತದೆ, ಖರ್ಚೂ ಕಡಿಮೆ. ಕೊರೆದ ಬೋರ್ಡಿನ ಚೂರುಗಳೇ ಸಾಕು, ಸಮಯ ಮಾತ್ರ ಬೇಕು.

ಎರಡೂ ಉದ್ದೇಶಗಳು ಬೇರೆಯಾಗುವ ಕಡೆಗಳೂ ಇವೆ. ಸದ್ದು ತಡೆಯಲು ಬೋರ್ಡನ್ನು ಸ್ಟಡ್‌ಗೆ ನೇರ ಬಡಿಯದೆ ಸ್ಪ್ರಿಂಗಿನಂತೆ ಬಳುಕುವ ಲೋಹಪಟ್ಟಿಯ ಮೇಲೆ ಕೂರಿಸುತ್ತಾರೆ. ಬಾಕ್ಸನ್ನು ಸ್ಟಡ್‌ಗೆ ಬಿಗಿದು ಅದರ ಅಂಚು ಬೋರ್ಡಿಗೆ ಗಟ್ಟಿಯಾಗಿ ತಾಗಿದರೆ ಕಂಪನ ಅಲ್ಲಿಂದಲೇ ದಾಟುತ್ತದೆ, ಪಟ್ಟಿಗೆ ಹಾಕಿದ ಹಣವೆಲ್ಲ ನಷ್ಟ. ಬೆಂಕಿಯ ನಿಯಮ ಮೂರು ಮಿ.ಮೀ.ಗಿಂತ ಹೆಚ್ಚು ಸಂದು ಬೇಡವೆನ್ನುತ್ತದೆ, ಸದ್ದಿನ ನಿಯಮ ತಾಗಲೇಬೇಡ ಎನ್ನುತ್ತದೆ. ಆ ಎರಡು-ಮೂರು ಮಿ.ಮೀ.ಯಲ್ಲಿ ಗಟ್ಟಿಯಾಗದ ಸೀಲೆಂಟ್ ತುಂಬುವುದೊಂದೇ ದಾರಿ. ಆ ಸೀಲೆಂಟ್ ಬೆಂಕಿಗೂ ಸದ್ದಿಗೂ ಪರೀಕ್ಷೆಯಾಗಿರಬೇಕು. ಸದ್ದಿಗೆಂದು ಮಾತ್ರ ಮಾಡಿದ ಸೀಲೆಂಟ್ ಬೆಂಕಿಯಲ್ಲಿ ಉರಿದುಹೋಗಬಹುದು. ಸಾಮಾನ್ಯ ಪಾಲಿಯುರೆಥೇನ್ ಫೋಮ್ ಬೆಂಕಿಗೂ ಪ್ರಯೋಜನವಿಲ್ಲ, ಹಗುರವಾದ್ದರಿಂದ ಸದ್ದಿಗೂ ಅಷ್ಟಕ್ಕಷ್ಟೆ.

ಚಾವಣಿಯ ದೀಪಗಳು

ಬ್ರಿಟನ್ನಿನಲ್ಲಿ ಈ ಚರ್ಚೆ ಕಾವೇರಿದ್ದು ಚಾವಣಿಗೆ ಹುದುಗಿಸುವ ಡೌನ್‌ಲೈಟ್‌ಗಳಿಂದ. 1990ರ ದಶಕದಲ್ಲಿ ಮನೆಮನೆಗೆ ಬಂದ 12 ವೋಲ್ಟಿನ, 50 ವ್ಯಾಟಿನ ಹ್ಯಾಲೊಜನ್ ದೀಪಗಳಿಗೆ ‘ಡೈಕ್ರೋಯಿಕ್’ ಕನ್ನಡಿ ಇರುತ್ತಿತ್ತು. ಅದು ಬೆಳಕನ್ನು ಕೆಳಗೆ ತಿರುಗಿಸಿ ಬಿಸಿಯನ್ನು ಹಿಂದಕ್ಕೆ ಬಿಡುವಂಥದು. ಕೆಳಗೆ ಕೂತವರಿಗೆ ಸೆಕೆಯಾಗಲಿಲ್ಲ. ಬಿಸಿಯೆಲ್ಲ ಜಂತೆಗಳ ನಡುವಿನ ಟೊಳ್ಳಿಗೆ ಹೋಯಿತು. ಅಲ್ಲಿ ಧೂಳು, ಒಣಮರ, ಕೆಲವೊಮ್ಮೆ ದೀಪದ ಮೇಲೇ ಹರಡಿದ ಗ್ಲಾಸ್‌ವೂಲ್.

ದೀಪದ ತೂತು ಚಾವಣಿಯ ಬೋರ್ಡಿನಲ್ಲಿ ಏಳೆಂಟು ಸೆಂ.ಮೀ. ಅಗಲವಿರುತ್ತದೆ. ಬೆಂಕಿ ಕೆಳಗಿನ ಕೋಣೆಯಲ್ಲಿ ಹತ್ತಿದರೆ ಆ ತೂತಿನಿಂದ ನೇರವಾಗಿ ಜಂತೆಗಳಿಗೆ ತಾಗುತ್ತದೆ. ಇದಕ್ಕೆ ಮೊದಲು ಕಂಡುಹಿಡಿದ ಪರಿಹಾರ ದೀಪದ ಮೇಲೆ ಟೊಪ್ಪಿಯಂತೆ ಹಾಕುವ ಇಂಟ್ಯುಮೆಸೆಂಟ್ ಬಟ್ಟೆಯ ಹುಡ್. ಆಮೇಲೆ ಬಂದವು ಅಗ್ನಿನಿರೋಧಕ ಡೌನ್‌ಲೈಟ್‌ಗಳು: ಉಕ್ಕಿನ ಡಬ್ಬಿ, ಅದರ ಕಂಠದ ಸುತ್ತ ಉಬ್ಬುವ ಪಟ್ಟಿ, ಅಂಚಿಗೆ ಸಿಲಿಕೋನ್ ಗ್ಯಾಸ್ಕೆಟ್. ಈ ಗ್ಯಾಸ್ಕೆಟ್ ಸದ್ದನ್ನೂ ತೇವದ ಗಾಳಿಯನ್ನೂ ತಡೆಯುತ್ತದೆ. ಇವನ್ನು 30, 60, 90 ನಿಮಿಷಗಳಿಗೆ ಬ್ರಿಟಿಷ್ ಮಾನಕ 476ರಂತೆ ಪರೀಕ್ಷಿಸಿ ಮಾರುತ್ತಾರೆ. ಆ ಹಳೆಯ ಮಾನಕದ ಅಗ್ನಿನಿರೋಧ ವರ್ಗಗಳು 2029ರ ಸೆಪ್ಟೆಂಬರ್ 2ರಿಂದ ಇಂಗ್ಲೆಂಡಿನ ಅಗ್ನಿಸುರಕ್ಷತೆಯ ಮಾರ್ಗದರ್ಶಿಯಿಂದ ಹೊರಬೀಳಲಿವೆ, ಯೂರೋಪಿನ ಪರೀಕ್ಷೆಗಳು ಮಾತ್ರ ಉಳಿಯಲಿವೆ.

ದೀಪದ ಡಬ್ಬಿಯ ಮೇಲೆ ಅಚ್ಚಾದ ‘90 ನಿಮಿಷ’ ಎಂಬುದನ್ನು ನೋಡಿ ಸಮಾಧಾನಪಡುವುದು ದೊಡ್ಡ ತಪ್ಪು. ನಿಮಿಷಗಳು ದೀಪಕ್ಕೆ ಸೇರಿದವಲ್ಲ, ಪರೀಕ್ಷೆಯ ದಿನ ಕುಲುಮೆಯ ಮೇಲಿದ್ದ ಇಡೀ ಚಾವಣಿಗೆ ಸೇರಿದವು. ಹೆಚ್ಚಿನ ಹಳೆಯ ಪರೀಕ್ಷೆಗಳು ಗಟ್ಟಿ ಮರದ ಜಂತೆಗಳ ಮೇಲೆ ನಡೆದವು. ಈಗಿನ ಮನೆಗಳಲ್ಲಿ ಜಂತೆಯ ಜಾಗಕ್ಕೆ ಐ-ಜಾಯ್ಸ್ಟ್ ಬಂದಿದೆ. ಅದರ ನಡುಹಲಗೆ ಒಂದು ಸೆಂ.ಮೀ.ಯ ಆಸುಪಾಸು, ಬೆಂಕಿ ಸೋಕಿದರೆ ನಿಮಿಷಗಳಲ್ಲಿ ತೂತಾಗುತ್ತದೆ. ಇಲ್ಲವೇ ಲೋಹದ ಜಾಲರಿಯ ಜಂತೆ ಇದೆ. ಅದರ ಮೊಳೆತಗಡು ಹಿಡಿದ ಮರದ ಮೇಲ್ಪದರ ಇದ್ದಿಲಾದರೆ ತಗಡು ಕಳಚುತ್ತದೆ. ಅದಕ್ಕಾಗಿ ಕೇಳಬೇಕಾದ ಪ್ರಶ್ನೆ, ಈ ದೀಪ ಇದೇ ಬಗೆಯ ಜಂತೆ, ಇದೇ ಅಂತರ, ಇದೇ ಬೋರ್ಡಿನ ಚಾವಣಿಯಲ್ಲಿ ಪರೀಕ್ಷೆಯಾಗಿದೆಯೇ ಎಂಬುದು. ಎರಡಂತಸ್ತಿನ ಮನೆಯ ಮೇಲ್ಮಹಡಿಯ ನೆಲಕ್ಕೆ ಇಂಗ್ಲೆಂಡ್ ಒಂದು ಸಡಿಲ ಮಟ್ಟ ಇಟ್ಟಿದೆ: ಹೊರೆ 30 ನಿಮಿಷ ಹೊರಬೇಕು, ಜ್ವಾಲೆಯನ್ನೂ ಬಿಸಿಯನ್ನೂ 15 ನಿಮಿಷ ತಡೆದರೆ ಸಾಕು. ಮೂರಂತಸ್ತಾದರೆ ಪೂರ್ತಿ 30. ಫ್ಲ್ಯಾಟುಗಳ ನಡುವೆ ಸಾಮಾನ್ಯವಾಗಿ 60.

ಸದ್ದಿನ ಲೆಕ್ಕವೂ ಇಲ್ಲಿ ಬರುತ್ತದೆ. ಪರೀಕ್ಷೆಯಿಲ್ಲದೆ ಒಪ್ಪಿಗೆ ಪಡೆಯಲು ಬ್ರಿಟನ್ನಿನ ಕಟ್ಟುವವರು 2004ರಿಂದ ಬಳಸುತ್ತಿರುವ ‘ರೋಬಸ್ಟ್ ಡೀಟೇಲ್ಸ್’ ಪದ್ಧತಿ ಫ್ಲ್ಯಾಟಿನ ಚಾವಣಿಯಲ್ಲಿ ಎರಡು ಚದರ ಮೀಟರಿಗೆ ಒಂದಕ್ಕಿಂತ ಹೆಚ್ಚು ಡೌನ್‌ಲೈಟ್ ಬೇಡವೆನ್ನುತ್ತದೆ. ಆದರೂ ಅಡಿಗೆಮನೆ, ಬಚ್ಚಲುಮನೆಗಳಲ್ಲಿ ಎರಡು ಪಟ್ಟು ಕೊರೆಯುವುದು ಕಾಣುತ್ತದೆ, ಅದೂ ಮನೆ ಕೊಂಡವರು ಒಳಾಲಂಕಾರ ಮಾಡಿಸುವಾಗ, ತಪಾಸಣೆಯೆಲ್ಲ ಮುಗಿದ ಮೇಲೆ.

ಅಮೆರಿಕ ಬಿಸಿಯ ಕಡೆಯಿಂದ ಇದೇ ಸಮಸ್ಯೆಗೆ ಬಂತು. ಅಲ್ಲಿನ ವಿದ್ಯುತ್ ಸಂಹಿತೆಯಲ್ಲಿ ಹುದುಗಿಸಿದ ದೀಪಗಳು ಎರಡು ಬಗೆ. ‘ಐಸಿ’ ಗುರುತಿನವನ್ನು ಉಣ್ಣೆ ಮುಚ್ಚಿದರೂ ನಡೆಯುತ್ತದೆ. ಆ ಗುರುತಿಲ್ಲದವು ಮರದಿಂದ 13 ಮಿ.ಮೀ., ಉಣ್ಣೆಯಿಂದ 75 ಮಿ.ಮೀ. ದೂರವಿರಬೇಕು. ಎಲ್‌ಇಡಿ ಬಂದ ಮೇಲೆ 50 ವ್ಯಾಟಿನ ಕಡೆ ಐದಾರು ವ್ಯಾಟ್ ಸಾಕಾದದ್ದು ಇಡೀ ಕ್ಷೇತ್ರಕ್ಕೆ ಸಿಕ್ಕ ದೊಡ್ಡ ನೆಮ್ಮದಿ. ಬಿಸಿಯ ಸಮಸ್ಯೆ ಪೂರ್ತಿ ಹೋಗಲಿಲ್ಲ. ಅದು ಎಲ್‌ಇಡಿಗೆ ತಕ್ಕ ವಿದ್ಯುತ್ ಒದಗಿಸುವ ‘ಡ್ರೈವರ್’ ಎಂಬ ಪುಟ್ಟ ಸರ್ಕ್ಯೂಟಿನೊಳಕ್ಕೆ ಸರಿಯಿತು. ಉಸಿರುಗಟ್ಟಿದ ಡ್ರೈವರ್ ಬೇಗ ಸಾಯುತ್ತದೆ.

ಕೇಬಲ್ಲಿನ ಬಿಸಿ

ಚಳಿಗೂ ಸದ್ದಿಗೂ ಟೊಳ್ಳು ತುಂಬಿದಷ್ಟು ಒಳ್ಳೆಯದು, ಕೇಬಲ್ಲಿಗೆ ಹಾಗಲ್ಲ. ಬ್ರಿಟನ್ನಿನ ವೈರಿಂಗ್ ಮಾನಕ 7671ರ ಪ್ರಕಾರ ಅರ್ಧ ಮೀಟರಿಗಿಂತ ಹೆಚ್ಚು ಉದ್ದ ಎಲ್ಲ ಕಡೆಯಿಂದ ಉಣ್ಣೆಯಲ್ಲಿ ಹೂತ ಕೇಬಲ್ಲಿನ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಬೇಕು. 5 ಸೆಂ.ಮೀ. ಉದ್ದ ಮುಚ್ಚಿದರೂ 0.88ಕ್ಕೆ ಇಳಿಯುತ್ತದೆ. ಅಲ್ಲಿನ ಸಾಮಾನ್ಯ ಪಿವಿಸಿ ಕೇಬಲ್ 70 ಡಿಗ್ರಿಗಿಂತ ಬಿಸಿಯಾಗಬಾರದು. ಸ್ನಾನದ ಹೀಟರು, ಕಾರಿನ ಚಾರ್ಜರುಗಳಂಥ ಗಂಟೆಗಟ್ಟಲೆ ಎಳೆಯುವ ಲೋಡಿಗೆ ಇದು ಬಹಳ ಮುಖ್ಯ. ಒಳ್ಳೆಯ ದಾರಿ, ಕೇಬಲ್ಲನ್ನು ಬೋರ್ಡಿಗೆ ತಾಗಿಸಿ ಓಡಿಸಿ ಒಂದು ಮಗ್ಗುಲಾದರೂ ಬಿಸಿ ಬಿಡುವಂತೆ ಮಾಡುವುದು, ಇಲ್ಲವೇ ದಪ್ಪ ಕೇಬಲ್ ಹಾಕುವುದು. ಹಾಗೆ ಬೋರ್ಡಿಗೆ ಹತ್ತಿರ ತಂದರೆ ಇನ್ನೊಂದು ಅಪಾಯ, ಮೊಳೆ ತೂರುವುದು. ಸ್ಟಡ್‌ನಲ್ಲಿ ಕೊರೆದ ತೂತು ಅಂಚಿನಿಂದ 32 ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ 1.6 ಮಿ.ಮೀ. ಉಕ್ಕಿನ ತಗಡು ಬಡಿಯಬೇಕೆಂದು ಅಮೆರಿಕದ ನಿಯಮವಿರುವುದು ಅದಕ್ಕಾಗಿ.

ಮೊಳೆ ತೂರಿದ, ಇಲಿ ಕಡಿದ ಕೇಬಲ್ಲಿನ ಕಿಡಿಯನ್ನು ಗುರುತಿಸಿ ವಿದ್ಯುತ್ ಕಡಿಯುವ ಆರ್ಕ್-ಫಾಲ್ಟ್ ಬ್ರೇಕರನ್ನು ಅಮೆರಿಕದ ಸಂಹಿತೆ 1999ರ ಆವೃತ್ತಿಯಲ್ಲಿ ತಂದು, 2002ರಿಂದ ಮಲಗುವ ಕೋಣೆಗಳಿಗೆ ಕಡ್ಡಾಯ ಮಾಡಿತು. ಮುಂದೆ ಮನೆಯ ಬೇರೆ ಕೋಣೆಗಳಿಗೂ ವಿಸ್ತರಿಸಿತು. ಬೆಂಕಿ ಹತ್ತಿದ ಮೇಲೆ ತಡೆಯುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವ ಈ ದಾರಿ ಮರದ ಮನೆಗೆ ಹೆಚ್ಚು ಒಗ್ಗುತ್ತದೆ.

ಕಟ್ಟಿದ ಮೇಲೆ

1999ರಲ್ಲಿ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಲ್ಲಿ ಆರಂತಸ್ತಿನ ಮರದ ಚೌಕಟ್ಟಿನ ಕಟ್ಟಡವೊಂದನ್ನು ನಿಜ ಗಾತ್ರದಲ್ಲಿ ಕಟ್ಟಿ, ಒಂದು ಫ್ಲ್ಯಾಟಿಗೆ ಬೆಂಕಿ ಇಟ್ಟು ಪರೀಕ್ಷಿಸಿದರು. ಬೆಂಕಿ ಆ ಫ್ಲ್ಯಾಟಿನಲ್ಲೇ ಉಳಿಯಿತು, ಜಿಪ್ಸಂ ತನ್ನ ಕೆಲಸ ಮಾಡಿತು. ಆದರೆ ಎಲ್ಲ ಮುಗಿದು ಆರಿಸಿದ ನಂತರ ಗೋಡೆಯ ಟೊಳ್ಳಿನಲ್ಲಿ ಕಾಣದಂತೆ ಉಳಿದಿದ್ದ ಕೆಂಡ ಮತ್ತೆ ಹೊತ್ತಿಕೊಂಡಿತು. ಟೊಳ್ಳಿನೊಳಗೆ ಏನಾಗುತ್ತಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ತಪಾಸಣೆಗೂ ಇದೇ ತೊಡಕು. ಪುಟ್ಟಿ ಪ್ಯಾಡ್ ಇದೆಯೋ ಇಲ್ಲವೋ ನೋಡಲು ಸಿಗುವುದು ಬೋರ್ಡ್ ಹೊದಿಸುವ ಮೊದಲಿನ ಕೆಲವೇ ದಿನ. ಆ ದಿನಗಳಲ್ಲಿ ಪ್ರತಿ ಗೋಡೆಯ ಫೋಟೋ ತೆಗೆದು ಮನೆಯ ಕಾಗದಪತ್ರದ ಜೊತೆ ಇಡುವುದು ಸುಲಭ, ಖರ್ಚಿಲ್ಲದ ಕೆಲಸ. ಅದು ಕಡ್ಡಾಯವಾಗಬೇಕು.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರು ಕೊಳ್ಳುವ ಟೌನ್‌ಹೌಸ್‌ಗಳಲ್ಲಿ ಹೆಚ್ಚಿನವು ಇಂಥವೇ. ಇಟ್ಟಿಗೆ-ಕಾಂಕ್ರೀಟಿನ ಮನೆಯಲ್ಲಿ ಬೆಳೆದವರಿಗೆ ಗೋಡೆಗೆ ಒಂದು ತೂತು ಕೊರೆಯುವುದು ಚಿಕ್ಕ ವಿಷಯವೆನಿಸುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲೂ ಜಿಪ್ಸಂ ಫಾಲ್ಸ್ ಸೀಲಿಂಗ್ ಇದೆ, ಸಾಲುಸಾಲು ಡೌನ್‌ಲೈಟ್ ಇದೆ. ಆದರೆ ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇದ್ದು, ಎರಡು ಮನೆಗಳನ್ನು ಬೇರ್ಪಡಿಸುವುದು ಅದೇ. ಟೊರಾಂಟೊದ ಟೌನ್‌ಹೌಸಿನಲ್ಲಿ ಪಕ್ಕದ ಮನೆಯವರಿಗೂ ನಮಗೂ ನಡುವೆ ಇರಬಹುದಾದದ್ದು ಆ ಬೋರ್ಡೇ. ಟಿವಿ ತೂಗುಹಾಕಲೆಂದು ಹಂಚಿಕೊಂಡ ಗೋಡೆಯಲ್ಲಿ ಹೊಸ ಪಾಯಿಂಟ್ ಬೇಕೆನಿಸಿದರೆ ಬೇರೆ ಗೋಡೆ ಹುಡುಕುವುದು ಒಳ್ಳೆಯದು. ಅಲ್ಲೇ ಬೇಕಾದರೆ ಗೋಡೆಯ ಒಳಗೆ ಕೊರೆಯದೆ ಮೇಲ್ಮೈಯಲ್ಲಿ ಕೂರುವ ಬಾಕ್ಸ್, ಟ್ರಂಕಿಂಗ್ ಬಳಸಬಹುದು; ಕಣ್ಣಿಗೆ ಅಷ್ಟು ಅಂದವಾಗಿರದು, ಬೋರ್ಡ್ ಮಾತ್ರ ಇದ್ದಂತೆ ಉಳಿಯುತ್ತದೆ. ಹಳೆಯ ಡೌನ್‌ಲೈಟ್ ಕಿತ್ತು ಸಣ್ಣ ಎಲ್‌ಇಡಿ ಹಾಕುವಾಗ ಹಳೆಯ ದೊಡ್ಡ ತೂತನ್ನು ಅಲಂಕಾರದ ಉಂಗುರದಿಂದ ಮುಚ್ಚಿದರೆ ಸಾಲದು. ಅಷ್ಟಗಲದ ಬೋರ್ಡನ್ನು ಚೌಕವಾಗಿ ಕತ್ತರಿಸಿ, ಜಂತೆಗೆ ಆಸರೆ ಪಟ್ಟಿ ಬಡಿದು, ಅದೇ ದಪ್ಪದ, ಅದೇ ದರ್ಜೆಯ ಹೊಸ ತುಂಡು ಕೂರಿಸಿ ಸಂದಿಗೆ ಜಾಯಿಂಟ್ ಕಾಂಪೌಂಡ್ ತುಂಬಿ, ಹೊಸ ದೀಪಕ್ಕೆ ಬೇಕಾದಷ್ಟೇ ಅಳತೆಯ ತೂತನ್ನು ಅದರಲ್ಲಿ ಕೊರೆಯಬೇಕು.